ಶಿಬಂದಿಯಿಂದ ಸಂಪನ್ಮೂಲಕ್ಕೆ

ಒಂದು ಕಾರ್ಯವನ್ನು ಹಲವರು ಕೂಡಿ ಮಾಡಬೇಕಾದಲ್ಲಿ, ಮಾಡಿಸುವವನಿಗೂ ಮಾಡುವವನಿಗೂ ಇರತಕ್ಕ ಸಂಬಂಧವೇನು ಎಂಬ ಪ್ರಶ್ನೆಯು ಹೊಸದಲ್ಲ. ರಾಜ್ಯಗಳು ಹುಟ್ಟಿದಂದಿನಿಂದ, ಗುಡಿಗಳು ಎದ್ದಂದಿನಿಂದ, ಮಗ್ಗಗಳನ್ನು ಹೂಡಿದಂದಿನಿಂದ ಅದು ಇದ್ದೇ ಇದೆ. ಆದರೆ ಈ ಸಂಬಂಧಕ್ಕೆ ಇಟ್ಟ ಹೆಸರು ಮಾತ್ರ ಕಳೆದ ಐದಾರು ದಶಕಗಳಲ್ಲಿ ಬದಲಾಗಿದೆ. ಹಿಂದೆ ‘ಸಿಬ್ಬಂದಿ ಆಡಳಿತ’ವೆನ್ನುತ್ತಿದ್ದುದನ್ನು ಇಂದು ‘ಮಾನವ ಸಂಪನ್ಮೂಲ ನಿರ್ವಹಣೆ’ ಎನ್ನುತ್ತಾರೆ. ಬೆಂಗಳೂರು ಪುಣೆಗಳಲ್ಲಿ ಉದ್ಯೋಗಕ್ಕಿರುವ ನಮ್ಮ ಮಕ್ಕಳ ಬಾಯಿಂದ ‘ಎಚ್.ಆರ್.’ ಎಂಬ ಎರಡಕ್ಷರಗಳನ್ನು ಕೇಳದ ಮನೆಯು ಬಾಗಲಕೋಟೆಯಲ್ಲಿ ಈಗ ವಿರಳ. ಹೆಸರು ಮಾತ್ರ ಬದಲಾಯಿತೋ, ವಸ್ತುವೂ ಬದಲಾಯಿತೋ ಎಂಬುದನ್ನು ನಮ್ಮ ಸೀಮೆಯ ಶಾಸನಗಳ, ಶಾಸ್ತ್ರಗಳ ಹಾಗೂ ಮಗ್ಗಗಳ ಬೆಳಕಿನಲ್ಲಿ ವಿಚಾರಿಸುವುದೇ ಈ ಲೇಖನದ ಉದ್ದೇಶವು.

ಮೊದಲು ಶಬ್ದಗಳನ್ನೇ ನೋಡೋಣ. ‘ಸಿಬ್ಬಂದಿ’ ಎಂಬುದು ಪಾರಸಿಯಿಂದ ಬಂದ ಮಾತು. ಮರಾಠಿಯಲ್ಲಿಯೂ ನಮ್ಮ ಹಳೆಯ ದಫ್ತರಗಳಲ್ಲಿಯೂ ಅದು ‘ಶಿಬಂದಿ’. ಕಂದಾಯ ವಸೂಲಿಗೂ ಠಾಣ್ಯದ ಕಾವಲಿಗೂ ಸಂಬಳದ ಮೇಲೆ ಇಟ್ಟುಕೊಂಡ ಕಾಲಾಳುಗಳಿಗೆ ಆ ಹೆಸರು ಸಲ್ಲುತ್ತಿತ್ತು. ಹಾಜರಿ, ಸಂಬಳ, ಕಸೂರಿಗೆ ದಂಡ, ಇವಿಷ್ಟೇ ಆ ಶಬ್ದದ ಹಿಂದಿರುವ ಚಿತ್ರ. ‘ಸಂಪನ್ಮೂಲ’ವಾದರೋ ಸಂಸ್ಕೃತದ ಸಮಾಸ. ಸಂಪತ್ತಿನ ಮೂಲವೇ ಸಂಪನ್ಮೂಲ. ಶಿಬಂದಿಯು ವೆಚ್ಚದ ಬಾಬು, ಸಂಪನ್ಮೂಲವು ಆದಾಯದ ಬೇರು. ಎರಡು ಪದ್ಧತಿಗಳ ಭೇದವೆಲ್ಲ ಈ ಎರಡು ಶಬ್ದಗಳಲ್ಲಿ ಬೀಜರೂಪವಾಗಿ ಅಡಗಿದೆಯೆಂದರೆ ತಪ್ಪಾಗಲಾರದು.

ಇವೆರಡೂ ಪಾಶ್ಚಾತ್ಯರ ಕಲ್ಪನೆಗಳೆಂದು ಕೆಲವರು ತಿಳಿದಿರುವರು. ಹಾಗಲ್ಲ. ಕೂಲಿ ಮತ್ತು ಶಿಸ್ತುಗಳ ವಿಚಾರವು ನಮ್ಮ ಅರ್ಥಶಾಸ್ತ್ರದಲ್ಲಿ ವಿಸ್ತಾರವಾಗಿಯೇ ಇದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕು 1909ರಲ್ಲಿ ಅಚ್ಚಾದ ಕೌಟಿಲ್ಯನ ಗ್ರಂಥದಲ್ಲಿ ಸೂತ್ರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳು ಹೇಳಲ್ಪಟ್ಟಿವೆ. ನೂಲು ನಯವೋ, ಒರಟೋ, ಮಧ್ಯಮವೋ ಎಂಬುದನ್ನು ಅರಿತು ಕೂಲಿಯನ್ನು ಗೊತ್ತುಮಾಡಬೇಕು. ಹಬ್ಬದ ದಿನ ಕೆಲಸ ಮಾಡಿಸಿದರೆ ಸನ್ಮಾನಪೂರ್ವಕವಾಗಿ ಮಾಡಿಸಬೇಕು. ಮನೆಯಿಂದ ಹೊರಬೀಳದ ಸ್ತ್ರೀಯರಿಗೆ ದಾಸಿಯರ ಮುಖಾಂತರ ಮರ್ಯಾದೆಯಿಂದ ಕೆಲಸವನ್ನು ಮುಟ್ಟಿಸಬೇಕು. ನೂಲನ್ನು ಒಪ್ಪಿಸಲು ಬಂದವಳ ಮುಖವನ್ನು ದಿಟ್ಟಿಸಿ ನೋಡಿದ ಅಧಿಕಾರಿಗೂ ಕೂಲಿಯನ್ನು ತಡಮಾಡಿದ ಅಧಿಕಾರಿಗೂ ದಂಡವುಂಟು. ಕೂಲಿ ಪಡೆದು ಕೆಲಸ ಮಾಡದವಳಿಗಾದರೋ ಕ್ರೂರವಾದ ಅಂಗಶಿಕ್ಷೆಯೂ ಅಲ್ಲಿಯೇ ವಿಧಿಸಲ್ಪಟ್ಟಿದೆ. ಇದು ಕಟ್ಟುನಿಟ್ಟಾದ ಶಿಬಂದಿ ಆಡಳಿತ. ನ್ಯಾಯವಿದೆ, ಭಯವೂ ಇದೆ. ಆದರೆ ಆ ನೂಲುವವಳು ಮುಂದಿನ ವರ್ಷ ಇಂದಿಗಿಂತ ಒಳ್ಳೆಯ ನೂಲುಗಾರ್ತಿಯಾಗಬೇಕೆಂಬ ಚಿಂತೆಯು ಆ ಪ್ರಕರಣದಲ್ಲಿ ಕಾಣದು.

ಆ ಚಿಂತೆಯು ಬೇರೆ ಕಡೆಯಲ್ಲಿದೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ (1076-1126) ಆಶ್ರಯದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದನು. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯು, ಕೂಲಿಯನ್ನು ಮೊದಲು ಗೊತ್ತುಮಾಡದೆ ದುಡಿಸಿಕೊಂಡವನು ವ್ಯಾಪಾರ, ಪಶು, ಬೆಳೆಗಳ ಲಾಭದಲ್ಲಿ ಹತ್ತನೆಯ ಒಂದು ಪಾಲನ್ನು ಕೆಲಸಗಾರನಿಗೆ ಕೊಡತಕ್ಕದ್ದೆಂದು ವಿಧಿಸುತ್ತದೆ. ಶಿಲ್ಪವನ್ನು ಕಲಿಯಲು ಬಂದ ಅಂತೇವಾಸಿಯು ಗುರುವಿನ ಮನೆಯಲ್ಲಿ ಉಣ್ಣುತ್ತ ಒಪ್ಪಿಕೊಂಡ ಕಾಲದವರೆಗೆ ಇರಬೇಕೆಂದೂ ಅಲ್ಲಿ ಹೇಳಿದೆ. ನಾರದಸ್ಮೃತಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಚಾರ್ಯನು ಅವನನ್ನು ಮಗನಂತೆ ನೋಡಿಕೊಳ್ಳಬೇಕು, ಕಲಿಯಬಂದ ವಿದ್ಯೆಯನ್ನು ಬಿಟ್ಟು ಬೇರೆ ಚಾಕರಿಗೆ ಹಚ್ಚಕೂಡದು ಎನ್ನುತ್ತದೆ. ಕಲಿಸುವ ಹೊರೆಯು ಕೆಲಸ ಮಾಡಿಸುವವನ ಮೇಲಿದೆ ಎಂಬ ಈ ತತ್ತ್ವವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದೇ ನಮ್ಮ ಒರೆಗಲ್ಲು.

ಶಾಸ್ತ್ರದ ಮಾತು ಹಾಗಿರಲಿ, ಆಚರಣೆ ಹೇಗಿತ್ತು? ಬಾದಾಮಿಯಿಂದ ಕೆಲವೇ ಹರದಾರಿ ದೂರದ ಪಟ್ಟದಕಲ್ಲಿಗೆ ಹೋದವರು ವಿರೂಪಾಕ್ಷ ದೇವಾಲಯದ ಪೂರ್ವದ್ವಾರದಲ್ಲಿ ನಿಂತು ನೋಡಬೇಕು. ಎರಡನೆಯ ವಿಕ್ರಮಾದಿತ್ಯನು (733-744) ಕಂಚಿಯನ್ನು ಮೂರು ಸಲ ಗೆದ್ದುದರ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಕಟ್ಟಿಸಿದ ಗುಡಿಯಿದು. ಅಲ್ಲಿಯ ಕಲ್ಲು ಅರಸನ ಹೆಸರನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಅನಿವಾರಿತಾಚಾರಿಯೆನಿಸಿದ ಗುಂಡನೆಂಬ ಸೂತ್ರಧಾರಿಯು ಇದನ್ನು ಕಟ್ಟಿದನೆಂದೂ, ಅವನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಂದಿತೆಂದೂ, ನಾಡಿನ ಕುಶಲಕರ್ಮಿಗಳ ಮೇಲಿದ್ದ ಬಹಿಷ್ಕಾರವು ತೆಗೆಯಲ್ಪಟ್ಟಿತೆಂದೂ ಅಲ್ಲಿಯ ಶಾಸನಗಳಿಂದ ತಿಳಿದುಬರುತ್ತದೆ. ಹಿಂದೆ ವಿಜಯಾದಿತ್ಯನು ಗಾಯಕರಿಗೆ ಮಾಡಿಕೊಟ್ಟಿದ್ದ ಕಟ್ಟುಪಾಡನ್ನು ರಾಣಿಯು ಮತ್ತೆ ಸ್ಥಿರಪಡಿಸಿದಳೆಂದು ಇನ್ನೊಂದು ಶಾಸನವು ಸಾರುತ್ತದೆ. ಹುನಗುಂದ ಸೀಮೆಯ ಐಹೊಳೆಯಲ್ಲಿ ಹುಚ್ಚಪ್ಪಯ್ಯನ ಗುಡಿಯ ಬರಹವೊಂದು, ಮನೆ ಗುಡಿಗಳ ನಿರ್ಮಾಣದಲ್ಲಿ ನರಸೊಬ್ಬನಿಗೆ ಸಮನಾದವನು ಜಂಬೂದ್ವೀಪದಲ್ಲಿಯೇ ಇಲ್ಲವೆಂದು ಹೊಗಳುತ್ತದೆ. ಕೆಲಸಗಾರನ ಹೆಸರು, ಅವನ ಬಿರುದು, ಅವನ ಜನರ ಮಾನ, ಒಪ್ಪಂದದ ಸ್ಥಿರತೆ, ಇವು ನಾಲ್ಕೂ ಕಲ್ಲಿನಲ್ಲಿ ಕೆತ್ತಿಸಲ್ಪಟ್ಟವು. ಕಲ್ಲು ಹೊತ್ತ ಸಾವಿರಾರು ಜನರ ಹೆಸರು ಅಲ್ಲಿ ಇಲ್ಲವೆಂಬುದೂ ದಿಟವೇ. ಹಿಂದಿನದೆಲ್ಲ ಸತ್ಯಯುಗವೆಂದು ನಾವು ಭ್ರಮಿಸಬೇಕಾದ ಕಾರಣವಿಲ್ಲ.

ಇನ್ನು ಯಂತ್ರಯುಗದ ಕಡೆಗೆ ತಿರುಗೋಣ. ನಮ್ಮ ಸೀಮೆಯು ಆಗ ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಯಲ್ಲಿತ್ತು. ಆದುದರಿಂದ ಮುಂಬಯಿಯ ಗಿರಣಿಗಳ ಇತಿಹಾಸವು ನಮಗೆ ಪರಕೀಯವಲ್ಲ. ಅಲ್ಲಿ ಕೆಲಸಕ್ಕೆ ಸೇರಿಸುವವನೂ ಬಿಡಿಸುವವನೂ ಮುಕಾದಮನು. ಅವನ ಕೈ ಬೆಚ್ಚಗೆ ಮಾಡದವನಿಗೆ ಮಗ್ಗ ದೊರೆಯುತ್ತಿರಲಿಲ್ಲ. 1929ರಲ್ಲಿ ನೇಮಕವಾದ ವ್ಹಿಟ್ಲೆ ಆಯೋಗವು 1931ರ ತನ್ನ ವರದಿಯಲ್ಲಿ ಈ ಅನ್ಯಾಯವನ್ನು ತಡೆಯಲು ಕಾರ್ಮಿಕ ಅಧಿಕಾರಿಗಳನ್ನು ನೇಮಿಸಬೇಕೆಂದು ಸೂಚಿಸಿತು. 1934ರ ಮುಂಬಯಿ ಕಾಯಿದೆಯಿಂದ ಸರಕಾರದ ಕಾರ್ಮಿಕ ಅಧಿಕಾರಿಯು ಬಂದನು. 1936ರ ಕಾಯಿದೆಯು ವೇತನವನ್ನು ಹೊತ್ತಿಗೆ ಸರಿಯಾಗಿ ಕೊಡಬೇಕೆಂದು ಕಟ್ಟುಮಾಡಿತು. 1948ರ ಕಾರಖಾನೆಗಳ ಕಾಯಿದೆಯು 500 ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ ಕಲ್ಯಾಣಾಧಿಕಾರಿಯು ಇರಲೇಬೇಕೆಂದು ವಿಧಿಸಿತು. ಹೀಗೆ ನಮ್ಮ ದೇಶದ ಸಿಬ್ಬಂದಿ ಆಡಳಿತವು ಮುಕಾದಮನ ಲಂಚಕೋರತನಕ್ಕೆ ಮದ್ದಾಗಿ, ಕಾಯಿದೆಯ ಕೂಸಾಗಿ ಹುಟ್ಟಿತು. ಹಾಜರಿ ಪಟ್ಟಿ, ವೇತನ, ರಜೆ, ದೂರು, ಶಿಕ್ಷೆ, ಸಂಘದೊಡನೆ ಸಂಧಾನ, ಇವೇ ಅದರ ಕಾರ್ಯಗಳು. ಇದನ್ನು ಹಳೆಯದೆಂದು ಹಳಿಯುವವರು ಅದು ಯಾರನ್ನು ಯಾವುದರಿಂದ ಬಿಡಿಸಿತೆಂಬುದನ್ನು ಮರೆಯಬಾರದು.

ಅತ್ತ ಅಮೆರಿಕೆಯಲ್ಲಿ ಟೇಲರ್ ಎಂಬ ಯಂತ್ರಶಾಸ್ತ್ರಜ್ಞನು 1911ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಗಡಿಯಾರ ಹಿಡಿದು ಕೆಲಸವನ್ನು ತುಂಡು ತುಂಡಾಗಿ ಅಳೆಯುವ ಕ್ರಮವನ್ನು ಪ್ರತಿಪಾದಿಸಿದನು. ಆದರೆ 1924ರಿಂದ 1932ರವರೆಗೆ ಶಿಕಾಗೊ ಸಮೀಪದ ಹಾಥಾರ್ನ್ ಕಾರಖಾನೆಯಲ್ಲಿ ನಡೆದ ಪ್ರಯೋಗಗಳು ಬೇರೆ ಮಾತನ್ನು ಹೇಳಿದವು. ದೀಪದ ಬೆಳಕಿಗಿಂತಲೂ ಕೂಲಿಯ ದರಕ್ಕಿಂತಲೂ, ತಮ್ಮನ್ನು ಲಕ್ಷ್ಯವಿಟ್ಟು ಕಾಣುತ್ತಾರೆಂಬ ಭಾವನೆ ಮತ್ತು ಜೊತೆಗಾರರ ಒಡನಾಟಗಳು ಕೆಲಸದ ಮೇಲೆ ಪರಿಣಾಮ ಮಾಡುವವೆಂದು ಎಲ್ಟನ್ ಮೇಯೊ ಮೊದಲಾದವರು ಸಾರಿದರು. ಈ ತೀರ್ಮಾನವನ್ನು ಮುಂದಿನ ವಿದ್ವಾಂಸರು ಪ್ರಶ್ನಿಸಿರುವರಾದರೂ ಅದು ತೆರೆದ ದಾರಿಯು ಮುಚ್ಚಲಿಲ್ಲ. 1954ರಲ್ಲಿ ಪೀಟರ್ ಡ್ರಕರ್ ಮನುಷ್ಯನನ್ನು ‘ಸಂಪನ್ಮೂಲ’ವೆಂದು ಕರೆದನು. 1984ರಲ್ಲಿ ಹಾರ್ವರ್ಡ್ ಮತ್ತು ಮಿಶಿಗನ್ ವಿಶ್ವವಿದ್ಯಾಲಯಗಳ ಪಂಡಿತರು ಇದಕ್ಕೆ ಶಾಸ್ತ್ರದ ರೂಪವನ್ನು ಕೊಟ್ಟರು. ನಮ್ಮ ದೇಶದಲ್ಲಿ ಅದಕ್ಕೂ ಮೊದಲೇ, 1974-75ರಲ್ಲಿ, ಉದಯ ಪಾರೀಕ ಮತ್ತು ಟಿ. ವಿ. ರಾವ್ ಅವರ ಸಲಹೆಯಂತೆ ಲಾರ್ಸೆನ್ ಆಂಡ್ ಟೂಬ್ರೊ ಕಂಪನಿಯು ಮಾನವ ಸಂಪನ್ಮೂಲ ಅಭಿವೃದ್ಧಿಗೆ ಪ್ರತ್ಯೇಕ ವಿಭಾಗವನ್ನು ಏರ್ಪಡಿಸಿತು. 1985ರಲ್ಲಿ ಕೇಂದ್ರದ ಶಿಕ್ಷಣ ಖಾತೆಯೇ ಆ ಹೆಸರನ್ನು ಹೊತ್ತು, 2020ರಲ್ಲಿ ಮರಳಿ ಶಿಕ್ಷಣ ಖಾತೆಯಾಯಿತು.

ಭೇದಗಳನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗೆ. ಮೊದಲನೆಯದಾಗಿ, ಹಳೆಯ ಪದ್ಧತಿಯು ತಪ್ಪು ನಡೆದ ಮೇಲೆ ಎಚ್ಚರಗೊಳ್ಳುತ್ತದೆ, ಹೊಸದು ಮುಂಬರುವ ಅಗತ್ಯವನ್ನು ಮೊದಲೇ ಎಣಿಸುತ್ತದೆ. ಎರಡನೆಯದಾಗಿ, ಹಳೆಯದಕ್ಕೆ ತರಬೇತಿಯು ವೆಚ್ಚ, ಹೊಸದಕ್ಕೆ ಅದು ಬಿತ್ತನೆ. ಮೂರನೆಯದಾಗಿ, ಹಳೆಯದರಲ್ಲಿ ಸಿಬ್ಬಂದಿಯ ಕೆಲಸವು ಒಂದು ಕಚೇರಿಗೆ ಸೇರಿದ್ದು, ಹೊಸದರಲ್ಲಿ ಅದು ಪ್ರತಿಯೊಬ್ಬ ಮೇಲಾಧಿಕಾರಿಯ ಧರ್ಮ. ನಾಲ್ಕನೆಯದಾಗಿ, ಹಳೆಯದು ಸಂಘದೊಡನೆ ಮಾತಾಡುತ್ತದೆ, ಹೊಸದು ಒಬ್ಬೊಬ್ಬನೊಡನೆ ಬೇರೆಬೇರೆಯಾಗಿ ಮಾತಾಡುತ್ತದೆ. ಈ ಕಡೆಯ ಭೇದದಲ್ಲಿ ಲಾಭದಷ್ಟೇ ಅಪಾಯವೂ ಇದೆ. ಒಂಟಿಯಾದವನ ಕಿವಿಗೆ ಬೀಳುವ ಸಿಹಿಮಾತು, ಅವನು ಹತ್ತು ಜನರೊಡನೆ ಕೂಡಿ ಗಳಿಸಿದ ಹಕ್ಕಿಗೆ ಬದಲಾಗಲಾರದು.

ಈಗ ಇಳಕಲ್ಲಿಗೆ ಬರೋಣ. ಇಳಕಲ್ಲ ಸೀರೆಯ ಜೀವವಿರುವುದು ಅದರ ಕೂಡಿಕೆಯಲ್ಲಿ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆ ಮಾಡಿಕೊಂಡು, ಎಳೆಗೆ ಎಳೆಯನ್ನು ಕುಣಿಕೆಯಿಂದ ಸೇರಿಸುವ ‘ತೋಪು ತೆಣೆ’ಯ ಕೌಶಲವು ಯಾವ ಪುಸ್ತಕದಲ್ಲಿಯೂ ಇಲ್ಲ, ಬೆರಳುಗಳಲ್ಲಿದೆ. ಕುಣಿಮಗ್ಗದಲ್ಲಿ ಕೂತವನೊಬ್ಬನಾದರೆ, ಅವನ ಹಿಂದೆ ಕಂಡಿಕೆ ಸುತ್ತುವ, ಹಾಸು ಹೂಡುವ ಮನೆಮಂದಿಯ ದುಡಿತವಿದೆ. ಯಜಮಾನನು ನೂಲನ್ನೂ ಮುಂಗಡವನ್ನೂ ಕೊಡುತ್ತಾನೆ. ನೇಕಾರನು ಸೀರೆಯನ್ನು ಒಪ್ಪಿಸಿ ಮಜೂರಿಯನ್ನು ಪಡೆಯುತ್ತಾನೆ. ಸಹಕಾರಿ ಸಂಘಗಳೂ 1975ರಲ್ಲಿ ಸ್ಥಾಪಿತವಾದ ಕೈಮಗ್ಗ ಅಭಿವೃದ್ಧಿ ನಿಗಮವೂ ಈ ಸಂಬಂಧದ ಕಾಠಿಣ್ಯವನ್ನು ಕೆಲಮಟ್ಟಿಗೆ ತಗ್ಗಿಸಲು ಯತ್ನಿಸಿರುವವು. ಆದರೂ ಮಜೂರಿಯು ಸೀರೆಗೆ ಸಲ್ಲುತ್ತದೆ, ವಿದ್ಯೆಗಲ್ಲ. ಮಗನಿಗೆ ಕಲಿಸುವ ಹೊರೆಯೆಲ್ಲ ಬಡ ನೇಕಾರನ ಮನೆಯದೇ. ನಾರದನ ಒರೆಗಲ್ಲಿಗೆ ತಿಕ್ಕಿದರೆ ಈ ವ್ಯವಸ್ಥೆಯ ಬಣ್ಣವು ನಿಲ್ಲದು.

ವಿಚಿತ್ರವೇನೆಂದರೆ, ಹಳೆಯ ಪದ್ಧತಿಯೂ ಹೊಸ ಪದ್ಧತಿಯೂ ಈ ಕುಣಿಮಗ್ಗದವರೆಗೆ ಬಂದು ಮುಟ್ಟಲಿಲ್ಲ. ನೂರಾರು ಜನರಿದ್ದಲ್ಲಿ ನೇಮಕವಾಗುವ ಕಲ್ಯಾಣಾಧಿಕಾರಿಯು ನಾಲ್ಕು ಜನರ ಪಡಸಾಲೆಗೆ ಏಕೆ ಬಂದಾನು? ನಗರದ ಎಚ್.ಆರ್. ವಿಭಾಗಕ್ಕಂತೂ ಅವನು ಸಿಬ್ಬಂದಿಯೇ ಅಲ್ಲ. 1999ರ ಕಾಯಿದೆಯ ಮೇರೆಗೆ ಇಳಕಲ್ಲ ಸೀರೆಗೆ ಭೌಗೋಳಿಕ ಗುರುತು ದೊರೆತಿದೆ. ಅದರಿಂದ ಬಟ್ಟೆಯ ಹೆಸರಿಗೆ ರಕ್ಷಣೆಯಾಯಿತು. ನೇಯ್ದವನ ಹೆಸರು ಮಾತ್ರ ಸೆರಗಿನ ಅಂಚಿನಲ್ಲಿಯೂ ಇಲ್ಲ. ಚಾಳುಕ್ಯರ ರಾಣಿಯು ಸೂತ್ರಧಾರಿಗೆ ಕೊಟ್ಟ ಮಾನವನ್ನು ನಾವು ನೇಕಾರನಿಗೆ ಕೊಟ್ಟಿಲ್ಲ. ಹೀಗಿರಲಾಗಿ, ನೇಕಾರರ ಮಕ್ಕಳು ಮಗ್ಗದಿಂದ ಎದ್ದುಹೋಗುವುದನ್ನು ಕಂಡು ಮರುಗುವವರು ಆ ಮಕ್ಕಳನ್ನು ದೂರಿ ಫಲವಿಲ್ಲ.

ಕೊನೆಯದಾಗಿ ಆ ಸಮಾಸವನ್ನೇ ಮತ್ತೊಮ್ಮೆ ಬಿಡಿಸೋಣ. ‘ಮಾನವ ಸಂಪನ್ಮೂಲ’ವನ್ನು ಎರಡು ಬಗೆಯಾಗಿ ವಿಗ್ರಹಿಸಬಹುದು. ಮಾನವನೇ ಸಂಪತ್ತಿನ ಮೂಲವೆಂಬುದು ಒಂದು ಬಗೆ. ಮಾನವರಿಂದ ಬೇಕಾದಷ್ಟನ್ನು ತೆಗೆದುಕೊಳ್ಳತಕ್ಕ ಗಣಿಯೆಂಬುದು ಇನ್ನೊಂದು ಬಗೆ. ಮೊದಲನೆಯ ವಿಗ್ರಹದಂತೆ ನಡೆದವನು ಬೇರಿಗೆ ನೀರೆರೆಯುತ್ತಾನೆ. ಎರಡನೆಯದರಂತೆ ನಡೆದವನು ಗಣಿ ತೀರಿದೊಡನೆ ಬೇರೊಂದು ಗುಡ್ಡವನ್ನು ಹುಡುಕುತ್ತಾನೆ. ಹೆಸರು ಬದಲಾದುದರಿಂದ ತೃಪ್ತಿಪಡದೆ, ಕಲಿಸುವ ಹೊರೆಯನ್ನು ಯಾರು ಹೊತ್ತಿರುವರು, ಲಾಭದಲ್ಲಿ ಪಾಲು ಯಾರಿಗೆ ಸಂದಿತು, ಕೆಲಸಗಾರನ ಹೆಸರು ಎಲ್ಲಿ ಬರೆಯಲ್ಪಟ್ಟಿತು ಎಂಬ ಮೂರು ಪ್ರಶ್ನೆಗಳನ್ನು ಕೇಳುವುದು ಲೇಸು. ಮಗನು ದುಡಿಯುವ ನಗರದ ಕಚೇರಿಯನ್ನೂ ಮಗಳ ಮದುವೆಗೆ ಇಳಕಲ್ಲ ಸೀರೆಯನ್ನು ಕೊಳ್ಳುವ ಅಂಗಡಿಯನ್ನೂ ನಮ್ಮ ಮನೆಗಳವರು ಇವೇ ಪ್ರಶ್ನೆಗಳಿಂದ ಪರೀಕ್ಷಿಸಬಹುದಾಗಿದೆ.