ಅಪ್ಪನ ಮೊಬೈಲು, ಹಳೇ ಬ್ಯಾಟರಿಯ ನೆನಪು

ಬ್ಯಾಟರಿ ಪೂರ್ತಿ ಖಾಲಿಯಾಗದೆ ಚಾರ್ಜಿಗೆ ಹಾಕಬಾರದು ಅನ್ನೋದು ನಮ್ಮಪ್ಪನ ನಿಯಮ. ಕಳೆದ ತಿಂಗಳು ರಾತ್ರಿ ಅಮ್ಮನಿಗೆ ಹುಷಾರು ತಪ್ಪಿದಾಗ ನೋಡಿದರೆ ಫೋನು ಸತ್ತಿತ್ತು! ಪಕ್ಕದ ಮನೆಯವರ ಫೋನಿನಿಂದ ಆಟೋ ಕರೆಸಿದರಂತೆ. ಅಮ್ಮ ಈಗ ಆರಾಮಾಗಿದ್ದಾರೆ.

ಈ ನಿಯಮ ಎಲ್ಲಿಂದ ಬಂತು ಅಂತ ಹುಡುಕಿದೆ. 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಮಾಡಿದ. ಮೊದಮೊದಲ ಮೊಬೈಲುಗಳಲ್ಲಿದ್ದದ್ದು ಇದೇ. ಪ್ರತಿಸಲ ಅರ್ಧಕ್ಕೇ ಚಾರ್ಜ್ ಮಾಡುತ್ತಿದ್ದರೆ ಅದು ಆ ಅರ್ಧವನ್ನೇ 'ನೆನಪಿಟ್ಟುಕೊಂಡು' ಬೇಗ ಸುಸ್ತಾಗುತ್ತಿತ್ತು. ಹಾಗಾಗಿ ಆಗ ಅಪ್ಪನ ಮಾತು ಸರಿಯೇ!

ಆಮೇಲೆ ಬಂದದ್ದು ಲಿಥಿಯಂ-ಅಯಾನ್. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡೆನಫ್ ಅದಕ್ಕೆ ಕೋಬಾಲ್ಟ್ ಆಕ್ಸೈಡಿನ ದಾರಿ ತೋರಿಸಿದರು, 1985ರಲ್ಲಿ ಜಪಾನಿನ ಅಕಿರಾ ಯೋಶಿನೋ ಅದನ್ನು ಸುರಕ್ಷಿತ ಬ್ಯಾಟರಿ ಮಾಡಿದರು, 1991ರಲ್ಲಿ ಸೋನಿ ಮಾರುಕಟ್ಟೆಗೆ ತಂತು. 2019ರಲ್ಲಿ ಇಬ್ಬರಿಗೂ, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಜೊತೆಗೆ, ನೊಬೆಲ್ ಬಂತು. ಇದಕ್ಕೆ ಆ ನೆನಪಿನ ಕಾಟವಿಲ್ಲ. ಆಗದ್ದೆಂದರೆ ಸೊನ್ನೆಗೆ ಇಳಿಯುವುದು, ನೂರರಲ್ಲೇ ಗಂಟೆಗಟ್ಟಲೆ ನಿಲ್ಲುವುದು, ಮತ್ತೆ ಬಿಸಿ.

ಈಗ ಅಪ್ಪ 20ಕ್ಕೆ ಇಳಿಯುವ ಮೊದಲೇ ಚಾರ್ಜಿಗೆ ಹಾಕಿ 80ಕ್ಕೆ ತೆಗೀತಾರೆ. "ಮೊದಲೇ ಹೇಳ್ಬಾರ್ದಿತ್ತೇನೋ?" ಅಂದರು. ಹೌದು, ಹೇಳಬೇಕಿತ್ತು...

ನಿಮ್ಮನೇಲೂ ಈ ನಿಯಮ ಇದೆಯಾ?