ಗೋಡೆಯ ಮೇಲಿನ ಏಳು ಚಿತ್ರ

ಪುಣೆಯ ಕೋಥ್ರೂಡ್ ಕಡೆಯ ಒಂದು ವಿಶೇಷ ಶಾಲೆ. ಆಟಿಸಂ ಇರುವ ಎಂಟೊಂಬತ್ತು ವರ್ಷದ ಹುಡುಗ ಚಪ್ಪಲಿ ಬಿಟ್ಟವನೇ ನೇರ ಗೋಡೆಯ ಹತ್ತಿರ ಹೋದ. ಅಲ್ಲಿ ಅವನ ಎತ್ತರಕ್ಕೆ ಸರಿಯಾಗಿ ಒಂದು ಪಟ್ಟಿ, ಅದರ ಮೇಲೆ ವೆಲ್ಕ್ರೋ ಹಚ್ಚಿ ಅಂಟಿಸಿದ ಏಳು ಚಿತ್ರ: ಪ್ರಾರ್ಥನೆ, ಮಣಿ ಪೋಣಿಸುವುದು, ಪೋಳಿ-ಭಾಜಿಯ (ಚಪಾತಿ-ಪಲ್ಯದ) ಡಬ್ಬಾ, ಜೋಕಾಲಿ... ಮೊದಲನೆಯದನ್ನು ಚರ್ರನೆ ಕಿತ್ತುಕೊಂಡು ಚಾಪೆಯ ಮೇಲೆ ಕೂತ. ‘ಬಸ್’, ಅಂದರೆ ಕೂತುಕೋ, ಎಂದು ಯಾರೂ ಹೇಳಲಿಲ್ಲ. ಟೀಚರನ್ನು ಇಲ್ಲಿ ‘ತಾಯಿ’ ಅನ್ನುತ್ತಾರೆ. ಮರಾಠಿಯಲ್ಲಿ ಅಕ್ಕ ಎಂದರ್ಥ; ನಮ್ಮ ಕಿವಿಗೆ ಬೇರೆಯೇ ಕೇಳುತ್ತದೆ.

ಆ ಪಟ್ಟಿ ಬಹಳ ದೂರದಿಂದ ಬಂದದ್ದು. ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಅನ್ನು ಗುರುತಿಸಿದ ಮೇಲೆ ಎರಡು ದಶಕ ತಪ್ಪು ಹೆತ್ತಮ್ಮಂದಿರದ್ದೇ ಎಂಬ ವಾದ ಮೆರೆಯಿತು. ಅಮ್ಮನ ಪ್ರೀತಿ ತಣ್ಣಗಿದ್ದರೆ ಮಗು ಮುದುಡುತ್ತದೆಯಂತೆ. ಅದನ್ನು ಒಪ್ಪದ ಮನಶ್ಶಾಸ್ತ್ರಜ್ಞ ಎರಿಕ್ ಶಾಪ್ಲರ್ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ತಂದೆತಾಯಿಯರನ್ನೇ ಜತೆಗಾರರನ್ನಾಗಿ ಮಾಡಿಕೊಂಡರು. 1972ರಲ್ಲಿ ಅವರ ‘ಟೀಚ್’ (TEACCH) ಕಾರ್ಯಕ್ರಮ ಇಡೀ ರಾಜ್ಯಕ್ಕೆ ಹಬ್ಬಿತು. ಅದರ ಹೂರಣ ಸರಳ. ಆಡಿದ ಮಾತು ಗಾಳಿಗೆ ಹೋಗುತ್ತದೆ, ಚಿತ್ರ ಗೋಡೆಯ ಮೇಲೇ ಇರುತ್ತದೆ. ಏನು ಮಾಡಬೇಕು, ಎಷ್ಟು ಮಾಡಬೇಕು, ಮುಗಿಯಿತೆಂದು ಗೊತ್ತಾಗುವುದು ಹೇಗೆ, ಆಮೇಲೇನು? ಈ ನಾಲ್ಕಕ್ಕೆ ಕೋಣೆಯೇ ಉತ್ತರ ಹೇಳಬೇಕು. ಅದಕ್ಕೇ ಎಡಕ್ಕೆ ಮಾಡಬೇಕಾದ ಕೆಲಸದ ಬುಟ್ಟಿ, ಬಲಕ್ಕೆ ಮುಗಿದ ಕೆಲಸದ ಬುಟ್ಟಿ, ನಡುವೆ ಬೀರು ಅಡ್ಡ ಇಟ್ಟು ಮಾಡಿದ ಮೂಲೆ.

ಆಗ ಪುಣೆಯಲ್ಲಿ ಏನಿತ್ತು? 1964ರಲ್ಲಿ ಸಿಂಧೂತಾಯಿ ಜೋಶಿ ಶುರುಮಾಡಿದ ‘ಕಾಮಾಯನಿ’ ಇತ್ತು. ಅಂದಿನ ವಿಶೇಷ ಶಾಲೆಗಳ ಬೋರ್ಡುಗಳಲ್ಲಿದ್ದ ಪದ ‘ಮತಿಮಂದ’. ನಮ್ಮಲ್ಲಿ ‘ಬುದ್ಧಿಮಾಂದ್ಯ’. ಆಟಿಸಂ ಇರುವ ಮಕ್ಕಳೂ ಅದೇ ಬೆಂಚಿನಲ್ಲಿ ಕೂತರು, ಇಲ್ಲವೇ ಹಟಮಾರಿಗಳೆನಿಸಿಕೊಂಡು ಮನೆಗೆ ಹೋದರು. ಬೇರೆ ಹೆಸರು ಬಂದಾಗ ಮರಾಠಿ ‘ಸ್ವಮಗ್ನತಾ’ ಅಂದಿತು, ಕನ್ನಡ ‘ಸ್ವಲೀನತೆ’ ಅಂದಿತು. ಎರಡೂ ತಪಸ್ಸಿಗೆ ಕೂತ ಋಷಿಯನ್ನು ನೆನಪಿಸುತ್ತವೆ; ನನಗಂತೂ ಒಪ್ಪಿಗೆಯಿಲ್ಲ. ನಾನು ಕಂಡ ಮಕ್ಕಳಿಗೆ ಕಾಟ ಹೊರಗಿನದೇ: ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆ, ಅಂಗಿಯ ಕೊರಳಪಟ್ಟಿ, ಡಬ್ಬಾ ತೆರೆದೊಡನೆ ಬರುವ ವಾಸನೆ.

1987ರಲ್ಲಿ ಲಾಸ್ ಏಂಜಲೀಸಿನ ಮನಶ್ಶಾಸ್ತ್ರಜ್ಞ ಈವಾರ್ ಲೋವಾಸ್ ಒಂದು ಲೆಕ್ಕ ಮುಂದಿಟ್ಟರು. ವಾರಕ್ಕೆ 40 ಗಂಟೆ, ಮಗುವಿನ ಮುಂದೆ ಒಬ್ಬರು ಕೂತು ಪಾಠ. 19 ಮಕ್ಕಳಲ್ಲಿ 9 ಮಕ್ಕಳು ಸಾಮಾನ್ಯ ಒಂದನೇ ತರಗತಿಗೆ ಹೋದರು. ಗದರಿಕೆ ಮತ್ತು ತೊಡೆಗೆ ಏಟು ಕೂಡ ಆ ವಿಧಾನದ ಭಾಗವಾಗಿದ್ದವು. ಮಕ್ಕಳು ಕೈಗಳನ್ನು ರೆಕ್ಕೆಯಂತೆ ಬಡಿಯುವುದನ್ನು ನಿಲ್ಲಿಸಿದ್ದೇ ಪಾಠವಾಯಿತೇ ಎಂದು ಆಟಿಸಂ ಇರುವ ವಯಸ್ಕರು ಆಮೇಲೆ ಕೇಳಿದರು, ನ್ಯಾಯವಾಗಿಯೇ ಕೇಳಿದರು. ಪುಣೆಯ ಶಾಲೆಗಳಿಗೆ 40 ಗಂಟೆ ಎಲ್ಲಿಂದ ಬರಬೇಕು? ಇಲ್ಲಿ ಉಳಿದದ್ದು ಕೆಲಸವನ್ನು ತುಂಡು ಮಾಡಿ ಕಲಿಸುವ ಜಾಣ್ಮೆ. ಕೈ ತೊಳೆಯುವುದೆಂದರೆ ನಲ್ಲಿ ತಿರುಗಿಸುವುದರಿಂದ ಟವೆಲ್ ತೂಗುಹಾಕುವ ತನಕ ಎಂಟು ಹೆಜ್ಜೆ.

ಕಾನೂನು ನಿಧಾನಕ್ಕೆ ಬಂತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಇರಲೇ ಇಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಬಂತು, 2016ರ ಕಾಯ್ದೆಯ 21 ವೈಕಲ್ಯಗಳಲ್ಲಿ ಸೇರಿತು. ಅಷ್ಟರೊಳಗೆ ದೆಹಲಿಯ ‘ಆಕ್ಷನ್ ಫಾರ್ ಆಟಿಸಂ’, ಬೆಂಗಳೂರಿನಲ್ಲಿ ಪ್ರತಿಭಾ ಕಾರಂತರ ‘ಕಾಂ ಡೀಲ್’, ಪುಣೆಯಲ್ಲಿ ಆಟಿಸಂಗೇ ಮೀಸಲಾದ ‘ಪ್ರಸನ್ನ ಆಟಿಸಂ ಸೆಂಟರ್’ ಕೆಲಸ ಶುರುಮಾಡಿದ್ದವು. ಒಂದು ವಿಚಿತ್ರ ಮಾತ್ರ ಹಾಗೇ ಇದೆ. ಮಹಾರಾಷ್ಟ್ರದಲ್ಲಿ ವಿಶೇಷ ಶಾಲೆಯ ಕಡತ ಹೋಗುವುದು ಶಿಕ್ಷಣ ಇಲಾಖೆಗಲ್ಲ, ಪುಣೆಯಲ್ಲೇ ಇರುವ ದಿವ್ಯಾಂಗ ಕಲ್ಯಾಣ ಆಯುಕ್ತಾಲಯಕ್ಕೆ. ಹೀಗಾಗಿ ಇಲ್ಲಿ ‘ತಾಯಿ’ ಕಲಿತದ್ದು ಪಕ್ಕದ ಬೀದಿಯ ಸಾಮಾನ್ಯ ಶಾಲೆಯ ಟೀಚರಿಗೆ ತಲುಪುವುದು ಕಷ್ಟ.

ತರಗತಿಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಚಿತ್ರ ಕೊಟ್ಟು ವಸ್ತು ಪಡೆಯುವ ‘ಪೆಕ್ಸ್’. ಆಂಡಿ ಬಾಂಡಿ, ಲೋರಿ ಫ್ರಾಸ್ಟ್ 1985ರಲ್ಲಿ ಡೆಲವೇರ್‌ನಲ್ಲಿ ಕಟ್ಟಿದ್ದು. ಮೊದಲ ಹಂತಕ್ಕೆ ಇಬ್ಬರು ಬೇಕು. ಮುಂದಿದ್ದ ತಾಯಿಯ ಕೈಯಲ್ಲಿ ಚಕ್ಕುಲಿ. ಹಿಂದಿದ್ದವರು ಮಗುವಿನ ಮುಂಗೈ ಹಿಡಿದು ಚಕ್ಕುಲಿಯ ಕಾರ್ಡನ್ನು ಎತ್ತಿಸಿ ಮುಂದಿನವರ ಅಂಗೈಗೆ ಹಾಕಿಸಿದರು. ‘ಏನು ಬೇಕು?’ ಎಂದು ಕೇಳುವಂತಿಲ್ಲ; ಕೇಳಿದರೆ ಮಗು ಪ್ರಶ್ನೆಗೇ ಕಾಯುತ್ತ ಕೂರುತ್ತದೆ. ಕಾರ್ಡು ಬಿದ್ದ ಕ್ಷಣ ಚಕ್ಕುಲಿ. ಹೀಗೆ ಇಪ್ಪತ್ತು ಸಲ. ಇಪ್ಪತ್ತೊಂದನೆಯ ಸಲ ಹಿಂದಿನ ಕೈ ಹಗುರಾಯಿತು. ಕಾರ್ಡಿಗೆ ಒಗ್ಗಿದರೆ ಮಾತು ಬರುವುದಿಲ್ಲವೆಂಬ ಹೆದರಿಕೆ ಎಲ್ಲ ಮನೆಗಳಲ್ಲೂ ಇದೆ. ಅಧ್ಯಯನಗಳಲ್ಲಿ ಅದಕ್ಕೆ ಆಧಾರ ಸಿಕ್ಕಿಲ್ಲ.

ಭಾದ್ರಪದ ಬಂತೆಂದರೆ ಪುಣೆಯಲ್ಲಿ ಗಣಪತಿ ಹಬ್ಬದ ಢೋಲ್-ತಾಶಾ. ಎರಡು ವಾರ ಮೊದಲೇ ತಾಯಿ ಮೊಬೈಲಿನಲ್ಲಿ ಢೋಲಿನ ಸದ್ದನ್ನು ತೀರಾ ಸಣ್ಣಗೆ ಹಾಕಿ, ದಿನಕ್ಕಿಷ್ಟು ಏರಿಸುತ್ತ ಹೋದರು. ಜತೆಗೆ ಐದು ಪುಟದ ಪುಸ್ತಕ: ಗಣಪತಿ ಬರುತ್ತಾನೆ, ಸದ್ದಾಗುತ್ತದೆ, ನಾನು ಕಿವಿ ಮುಚ್ಚಿಕೊಳ್ಳಬಹುದು, ಸದ್ದು ನಿಲ್ಲುತ್ತದೆ. ಕ್ಯಾರಲ್ ಗ್ರೇ 1990ರ ಹೊತ್ತಿಗೆ ಮಿಷಿಗನ್ನಿನಲ್ಲಿ ಶುರುಮಾಡಿದ ‘ಸಾಮಾಜಿಕ ಕಥೆ’ ಇಲ್ಲಿ ಮೋದಕ ತಿನ್ನುತ್ತಿತ್ತು.

ಇದೆಲ್ಲ ನಿಜಕ್ಕೂ ಫಲಿಸುತ್ತದೆಯೇ? 2020ರಲ್ಲಿ ಅಮೆರಿಕದ ಒಂದು ತಂಡ ಪುರಾವೆಯಿರುವ 28 ವಿಧಾನಗಳ ಪಟ್ಟಿ ಕೊಟ್ಟಿತು. ಅದೇ ವರ್ಷ 150 ಅಧ್ಯಯನಗಳನ್ನು ಜರಡಿ ಹಿಡಿದ ಇನ್ನೊಂದು ತಂಡಕ್ಕೆ ಟೀಚ್‌ನ ಪರವಾಗಿ ಗಟ್ಟಿ ಪುರಾವೆ ಸಿಗಲಿಲ್ಲ; ಆಟದ ನಡುವೆಯೇ ಕಲಿಸುವ ಸಹಜ ವಿಧಾನಗಳ ಕಡೆ ತಕ್ಕಡಿ ವಾಲಿತು. ಆದರೂ ಗೋಡೆಯ ಪಟ್ಟಿಯನ್ನು ನಾನು ಬಿಟ್ಟುಕೊಡಲಾರೆ. ಹುಡುಗ ಹೇಳಿಸಿಕೊಳ್ಳದೆ ಕೂತದ್ದನ್ನು ಕಣ್ಣಾರೆ ಕಂಡಿದ್ದೇನೆ. ನಮಗೆ ಹತ್ತಿರದ ಪುರಾವೆ 2016ರದು. ಗೋವಾ ಮತ್ತು ರಾವಲ್ಪಿಂಡಿಯಲ್ಲಿ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರೇ 65 ಮಕ್ಕಳ ಪೈಕಿ ಅರ್ಧದಷ್ಟು ಮಕ್ಕಳ ಮನೆಗಳಲ್ಲಿ ತಂದೆತಾಯಿಗೆ ಕಲಿಸಿದಾಗ ಮಕ್ಕಳು ತಾವಾಗಿಯೇ ಅವರೊಡನೆ ಸಂವಹನಕ್ಕೆ ತೊಡಗುವುದು ಹೆಚ್ಚಿತು.

ಈ ಎಲ್ಲ ವಿಧಾನಗಳ ಬೆನ್ನಿಗೆ ಬಂದ ಒಂದು ಸಲಹೆ ಮಾತ್ರ ಬಹಳ ಹಾಳು ಮಾಡಿತು: ‘ಮಗುವಿನ ಜತೆ ಒಂದೇ ಭಾಷೆ ಮಾತಾಡಿ.’ ಪುಣೆಯ ಕನ್ನಡ ಮನೆಗಳಲ್ಲಿ ಆ ಒಂದು ಭಾಷೆ ಹೆಚ್ಚಾಗಿ ಇಂಗ್ಲಿಷ್ ಆಯಿತು, ಕೆಲವೆಡೆ ಮರಾಠಿ. ಅಜ್ಜಿ ಸುಮ್ಮನಾಗಬೇಕಾಯಿತು. 2012ರಲ್ಲಿ ಮಾಂಟ್ರಿಯಲ್‌ನ ಅಧ್ಯಯನವೊಂದು 75 ಮಕ್ಕಳನ್ನು ನೋಡಿ, ಎರಡು ಭಾಷೆ ಕೇಳಿ ಬೆಳೆದದ್ದರಿಂದ ಮಾತು ಇನ್ನಷ್ಟು ತಡವಾಗಿಲ್ಲ ಎಂದಿತು. ಸಲಹೆ ಇನ್ನೂ ಚಾಲ್ತಿಯಲ್ಲಿದೆ.

ಆ ಹುಡುಗನ ಮನೆಯವರು ವಿಜಯಪುರದ ಕಡೆಯವರು. ಒಂದು ಭಾನುವಾರ ಹೋಗಿದ್ದೆ. ಅವನು ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಬಾಗಿಲಿಂದ ಕಾರ್ಡು ಕಿತ್ತು ಅಜ್ಜಿಯ ಮಡಿಲಿಗೆ ಹಾಕಿದ. ಚಿತ್ರದ ಕೆಳಗೆ ಮರಾಠಿಯಲ್ಲಿ ‘ಪಾಣಿ’ ಎಂದಿತ್ತು. ಓದು ಬರದ ಅಜ್ಜಿ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿ, “ನೀರ ಬೇಕೇನೋ ಯಪ್ಪಾ?” ಎನ್ನುತ್ತ ಮಂಡಿಗೆ ಕೈಯೂರಿ ಎದ್ದಳು.