ಹಬಶಿಗಳ ಆಟ, ಸಿದ್ದಿಗಳ ಓಟ ಮತ್ತು ನಮ್ಮ ನಾಲಿಗೆ

ಮದೀನಾದಲ್ಲಿ ಅಂದು ಈದ್. ಅಬಿಸೀನಿಯಾ ಮೂಲದ ಕೆಲವು ಹಬಶಿಗಳು ಪ್ರವಾದಿಯವರ(ಸ) ಮಸೀದಿಯಲ್ಲೇ ಗುರಾಣಿ ಮತ್ತು ಭರ್ಜಿಗಳನ್ನು ಹಿಡಿದು ತಮ್ಮ ನಾಡಿನ ಆಟವನ್ನು ಆಡುತ್ತಿದ್ದರು. ಹ. ಆಯಿಶಾ(ರ) ಪ್ರವಾದಿಯವರ(ಸ) ಹೆಗಲ ಮರೆಯಲ್ಲಿ ನಿಂತು ಅದನ್ನು ನೋಡಿದರು. ಅವರಿಗೆ ಸಾಕೆನಿಸುವವರೆಗೂ ಪ್ರವಾದಿವರ್ಯರು(ಸ) ಅಲ್ಲಿಂದ ಕದಲಲಿಲ್ಲ. ಹ. ಉಮರ್(ರ) ಆಟಗಾರರನ್ನು ತಡೆಯಲು ಮುಂದಾದಾಗ, ಅವರನ್ನು ಅವರ ಪಾಡಿಗೆ ಬಿಡುವಂತೆ ಪ್ರವಾದಿವರ್ಯರು(ಸ) ಸೂಚಿಸಿದರು. ಬಳಿಕ ಆ ಆಟಗಾರರನ್ನು 'ಬನೂ ಅರ್ಫಿದಾ' ಎಂದು ಅವರ ಕುಲದ ಹೆಸರಿನಿಂದಲೇ ಕರೆದು ಹುರಿದುಂಬಿಸಿದರು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಈ ಘಟನೆ ವರದಿಯಾಗಿದೆ.

ಕಪ್ಪು ಬಣ್ಣದವರೆಂದರೆ ಗುಲಾಮರೆಂದೇ ಭಾವಿಸಿದ್ದ ಆ ಸಮಾಜದಲ್ಲಿ ಒಂದು ಜನಾಂಗದ ಹೆಸರು ಬೈಗುಳವಾಗಿ ಬಳಕೆಯಾಗದೆ ಪ್ರೋತ್ಸಾಹದ ಕರೆಯಾಯಿತು. ಮೈದಾನದಲ್ಲಿ ಆಡುವವನನ್ನು ಅವನ ಕುಲದ ಹೆಸರು ಹಿಡಿದು ಕೂಗುವ ಅಭ್ಯಾಸ ಇಂದಿಗೂ ಇದೆ. ಆದರೆ ಆ ಕೂಗಿನ ಹಿಂದಿರುವ ಮನಸ್ಸು ಬೇರೆ. ಆ ವ್ಯತ್ಯಾಸವನ್ನು ನಮ್ಮದೇ ನಾಡಿನ ಇತಿಹಾಸದ ಬೆಳಕಿನಲ್ಲಿ ಅವಲೋಕಿಸುವುದು ಈ ಬರಹದ ಉದ್ದೇಶ.

ಹಬಶಿಗಳಿಗೂ ಕರ್ನಾಟಕಕ್ಕೂ ಇರುವ ನಂಟು ಹಳೆಯದು. ಇಥಿಯೋಪಿಯಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ಗುಲಾಮನಾಗಿ ಮಾರಾಟವಾದ ಮಲಿಕ್ ಅಂಬರ್ ಮುಂದೆ ಅಹ್ಮದ್‌ನಗರ ರಾಜ್ಯದ ಆಡಳಿತ ಸೂತ್ರವನ್ನೇ ಹಿಡಿದು, 1626ರಲ್ಲಿ ತೀರಿಕೊಳ್ಳುವವರೆಗೂ ಮೊಗಲರನ್ನು ಎದುರಿಸಿದರು. ಬಿಜಾಪುರದ ಸುಲ್ತಾನ್ ಮುಹಮ್ಮದ್ ಆದಿಲ್ ಶಾಹನ ಆಸ್ಥಾನದಲ್ಲಿ ಇಖ್ಲಾಸ್ ಖಾನ್ ಎಂಬ ಹಬಶಿ ಪ್ರಧಾನಿಯ ಸ್ಥಾನಕ್ಕೇರಿದ್ದರು. ಆದರೆ ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ತಂದ ಗುಲಾಮರಿಗೆ ಇಂತಹ ಭಾಗ್ಯ ದೊರೆಯಲಿಲ್ಲ. ಒಡೆಯರ ಹಿಂಸೆಯನ್ನು ತಾಳಲಾರದೆ ತಪ್ಪಿಸಿಕೊಂಡ ಅನೇಕರು ಪಶ್ಚಿಮ ಘಟ್ಟದ ಕಾಡುಗಳಲ್ಲಿ ನೆಲೆ ಕಂಡುಕೊಂಡರು. ಇಂದು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ತಾಲೂಕುಗಳಲ್ಲಿ ವಾಸಿಸುವ ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ನಮ್ಮ ಮುಸ್ಲಿಮ್ ಸಹೋದರರೂ ಇದ್ದಾರೆ. ಶತಮಾನಗಳಿಂದ ಕನ್ನಡದ ನೆಲದಲ್ಲೇ ಬಾಳಿದ ಈ ಜನರಿಗೆ ಉತ್ತರ ಕನ್ನಡ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ.

ಅದಕ್ಕೂ ಮೊದಲು ಸರಕಾರದ ಕಣ್ಣು ಅವರ ಮೇಲೆ ಬಿದ್ದದ್ದು ಕ್ರೀಡೆಯ ಕಾರಣಕ್ಕೆ. ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಕ್ರೀಡಾ ಖಾತೆಯ ಸಚಿವೆಯಾಗಿದ್ದಾಗ, 1987ರಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಕರ್ನಾಟಕ ಮತ್ತು ಗುಜರಾತಿನ ಸಿದ್ದಿ ಮಕ್ಕಳನ್ನು ಆರಿಸಿ, ಹಾಸ್ಟೆಲುಗಳಲ್ಲಿರಿಸಿ ತರಬೇತಿ ಕೊಡಿಸಿತು. ಹರ್ಡಲ್ಸ್ ಓಟಗಾರ್ತಿ ಕಮಲಾ ಸಿದ್ದಿ, ಅಥ್ಲೀಟ್ ಜೂಜೆ ಜಾಕಿ ಹರ್ನೋಡ್ಕರ್ ಮೊದಲಾದವರು ಈ ಯೋಜನೆಯ ಮೂಲಕವೇ ಬೆಳಕಿಗೆ ಬಂದರು. ಆದರೆ ತೊಂಬತ್ತರ ದಶಕದ ಆರಂಭದಲ್ಲಿ ಯೋಜನೆ ನಿಂತುಹೋಯಿತು. ಶೂ ತೊಟ್ಟು ಟ್ರ್ಯಾಕಿನ ಮೇಲೆ ಓಡಿದ್ದ ಅನೇಕ ಮಕ್ಕಳು ಮರಳಿ ತೋಟ, ಗದ್ದೆಗಳ ಕೂಲಿಗೆ ನಡೆದರು.

ಈ ಯೋಜನೆಯ ತಳದಲ್ಲೊಂದು ಊಹೆ ಇತ್ತು. ಇವರು ಆಫ್ರಿಕದ ಮೂಲದವರು, ಆದ್ದರಿಂದ ಓಟವು ಇವರ ರಕ್ತದಲ್ಲೇ ಇದೆ ಎಂಬುದು ಆ ಊಹೆ. ಮೇಲ್ನೋಟಕ್ಕೆ ಇದು ಹೊಗಳಿಕೆ. ಆದರೆ ಮನುಷ್ಯನನ್ನು ಅವನ ಶ್ರಮದಿಂದ ಅಳೆಯದೆ ಚರ್ಮದಿಂದ ಅಳೆಯುವ ದೃಷ್ಟಿಯೇ ಇಲ್ಲಿಯೂ ಇದೆ. ಸಿದ್ದಿ ಹುಡುಗ ಗೆದ್ದರೆ ಅದು ಅವನ ರಕ್ತದ ಗುಣ, ಬೆಳಗಿನ ಜಾವ ಎದ್ದು ಬೆವರು ಸುರಿಸಿದ್ದಕ್ಕೆ ಬೆಲೆಯಿಲ್ಲ. ಸೋತರೆ ಅದೂ ಅವನ ಕುಲದ ದೋಷ. ಅಚ್ಚ ಕನ್ನಡ ಮಾತನಾಡುವ ಸಿದ್ದಿಗಳನ್ನು ಪಟ್ಟಣಗಳಲ್ಲಿ ಯಾವ ದೇಶದವರೆಂದು ಕೇಳುವುದು, ಗುಂಗುರು ಕೂದಲನ್ನು ನೋಡಿ ನಗುವುದು ಇಂದಿಗೂ ನಿಂತಿಲ್ಲ. ಹೊಗಳಿಕೆ ಮತ್ತು ಮೂದಲಿಕೆ ಇಲ್ಲಿ ಒಂದೇ ಬೇರಿನಿಂದ ಹುಟ್ಟಿವೆ.

ದೇಶದ ಆದಿವಾಸಿ ಕ್ರೀಡಾಪಟುಗಳ ಚರಿತ್ರೆಯಲ್ಲಿ ಮೊದಲು ನಿಲ್ಲಬೇಕಾದ ಹೆಸರು ಜೈಪಾಲ್ ಸಿಂಗ್ ಮುಂಡಾ ಅವರದು. ಇಂದಿನ ಜಾರ್ಖಂಡಿನ ಮುಂಡಾ ಬುಡಕಟ್ಟಿನ ಅವರು ಆಕ್ಸ್‌ಫರ್ಡಿನಲ್ಲಿ ಓದಿದವರು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ಹಾಕಿ ತಂಡದ ನಾಯಕರೂ ಅವರೇ. 1946ರ ಡಿಸೆಂಬರ್‌ನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಮಾತನಾಡುತ್ತಾ ಅವರು, ತಮ್ಮ ಜನರನ್ನು ಕರೆಯಲು ಬಳಸುತ್ತಿದ್ದ 'ಜಂಗ್ಲಿ' ಎಂಬ ಪದವನ್ನು ತಾವಾಗಿಯೇ ಎತ್ತಿಕೊಂಡು, ತಾನು ಅಂಥವನೆಂದು ಹೇಳಿಕೊಳ್ಳಲು ಹೆಮ್ಮೆಯಿದೆ ಎಂದು ಸಾರಿದರು. ಒಲಿಂಪಿಕ್ ನಾಯಕನೊಬ್ಬನು ಕೂಡ ಆ ಪದವನ್ನು ಎದುರಿಸಿಯೇ ಮಾತು ಆರಂಭಿಸಬೇಕಾಯಿತು ಎಂಬುದನ್ನು ನಾವು ಮರೆಯಬಾರದು.

ಇದು ಕೇವಲ ನಮ್ಮ ದೇಶದ ರೋಗವಲ್ಲ. ಆಸ್ಟ್ರೇಲಿಯಾದ ವೃತ್ತಿಪರ ಫುಟ್‌ಬಾಲ್‌ನಲ್ಲಿ 1993ರ ಏಪ್ರಿಲ್ 17ರಂದು, ಪ್ರೇಕ್ಷಕರ ಜನಾಂಗೀಯ ನಿಂದನೆಯನ್ನು ಇಡೀ ಪಂದ್ಯದಲ್ಲಿ ಸಹಿಸಿದ ಮೂಲನಿವಾಸಿ ಆಟಗಾರ ನಿಕಿ ವಿನ್ಮಾರ್, ಕೊನೆಗೆ ತನ್ನ ಜೆರ್ಸಿಯನ್ನು ಮೇಲೆತ್ತಿ ತನ್ನ ಚರ್ಮದತ್ತ ಬೆರಳು ತೋರಿಸಿ ನಿಂತರು. ಇಪ್ಪತ್ತು ವರ್ಷಗಳ ಬಳಿಕ, 2013ರಲ್ಲಿ, ಆಡಂ ಗುಡ್ಸ್ ಎಂಬ ಶ್ರೇಷ್ಠ ಆಟಗಾರನನ್ನು ಪ್ರೇಕ್ಷಕರ ನಡುವಿನಿಂದ ಕೋತಿಗೆ ಹೋಲಿಸಿ ಕೂಗಿದ್ದು ಹದಿಮೂರು ವರ್ಷದ ಹುಡುಗಿ. ಆ ಮಗುವನ್ನು ದೂರಬೇಡಿ, ಅವಳಿಗೆ ಬೆಂಬಲ ಬೇಕು ಎಂದು ಗುಡ್ಸ್ ಮರುದಿನ ವಿನಂತಿಸಿಕೊಂಡರು. ಆದರೂ 2015ರಲ್ಲಿ ಮೈದಾನ ಮೈದಾನಗಳಲ್ಲಿ ಪ್ರೇಕ್ಷಕರು ಅವರನ್ನು ಅಣಕಿಸುತ್ತಲೇ ಹೋದರು. ಆ ವರ್ಷವೇ ಅವರು ನಿವೃತ್ತರಾದರು. ಲೀಗ್ ಮತ್ತು ಕ್ಲಬ್‌ಗಳು ಕ್ಷಮೆ ಕೋರಿದ್ದು 2019ರಲ್ಲಿ. ಆಗ ಕಾಲ ಮೀರಿತ್ತು.

ಹದಿಮೂರು ವರ್ಷದ ಮಗುವಿಗೆ ಆ ಮಾತನ್ನು ಕಲಿಸಿದವರು ಯಾರು? ಈ ಪ್ರಶ್ನೆ ಮೆಲ್ಬರ್ನಿಗೆ ಮಾತ್ರ ಸೀಮಿತವಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲೂಕುಗಳ ಹಾಡಿಗಳಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು, ಸೋಲಿಗರು ಬಾಳುತ್ತಿದ್ದಾರೆ. ನಾಗರಹೊಳೆಯ ಕಾಡಿನಿಂದ ಹೊರಬಿದ್ದ ಆದಿವಾಸಿಗಳ ಸ್ಥಿತಿಯನ್ನು ಹೈಕೋರ್ಟಿನ ಆದೇಶದಂತೆ ಅಧ್ಯಯನ ಮಾಡಿದ ಸಮಿತಿಯ ನೇತೃತ್ವ ವಹಿಸಿದ್ದವರು ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಮುಝಫ್ಫರ್ ಅಸಾದಿ. ಹೀಗೆ ನಿರ್ವಸಿತವಾದ 3,418 ಕುಟುಂಬಗಳನ್ನು ಆ ಸಮಿತಿ ಗುರುತಿಸಿತು. ಕಾಡನ್ನು ಕಳೆದುಕೊಂಡ ಆ ಕುಟುಂಬಗಳ ಮಕ್ಕಳು ಇಂದು ನಮ್ಮ ಮಕ್ಕಳೊಂದಿಗೆ ಒಂದೇ ಶಾಲೆಯಲ್ಲಿ ಓದುತ್ತಾರೆ, ಒಂದೇ ಮೈದಾನದಲ್ಲಿ ಕಬಡ್ಡಿ, ಖೋ ಖೋ ಆಡುತ್ತಾರೆ. ಅವರಲ್ಲೊಬ್ಬ ಹುಡುಗ ವೇಗವಾಗಿ ಓಡಿದರೆ, ಕಾಡಿನವನು, ಪ್ರಾಣಿಗಳ ಜೊತೆ ಓಡಿ ಕಲಿತವನು ಎನ್ನುವ ನಗೆಮಾತು ಹೊರಡುತ್ತದೆ. ಸೋತರೆ ಅವನ ಕುಲದ ಹೆಸರೇ ಬೈಗುಳವಾಗುತ್ತದೆ. ಕೆ.ಆರ್. ನಗರದ ಕಡೆ ಹಾಡಿಗಳು ಇಲ್ಲದಿರಬಹುದು, ಆದರೆ ಇಂತಹ ನಗೆಮಾತು ತಾಲೂಕಿನ ಗಡಿಯನ್ನು ನೋಡಿ ನಿಲ್ಲುವುದಿಲ್ಲ.

2021ರ ಜನವರಿಯಲ್ಲಿ ಸಿಡ್ನಿ ಟೆಸ್ಟ್ ಪಂದ್ಯದಲ್ಲಿ ಬೌಂಡರಿ ಗೆರೆಯ ಬಳಿ ನಿಂತಿದ್ದ ಮುಹಮ್ಮದ್ ಸಿರಾಜ್ ಅವರನ್ನು ಪ್ರೇಕ್ಷಕರು ನಿಂದಿಸಿದಾಗ ನಮ್ಮ ಮನೆಗಳಲ್ಲಿ ಎಷ್ಟು ನೋವಾಯಿತು! ಹೈದರಾಬಾದಿನ ಆಟೋ ಚಾಲಕರೊಬ್ಬರ ಮಗ, ಕೆಲವೇ ವಾರಗಳ ಹಿಂದೆ ತಂದೆಯನ್ನು ಕಳೆದುಕೊಂಡವರು, ಅಂಪೈರ್ ಬಳಿ ಹೋಗಿ ದೂರು ನೀಡಿದಾಗ ಅವರ ಧೈರ್ಯವನ್ನು ನಾವು ಮೆಚ್ಚಿದೆವು. ಹಾಡಿಯ ಹುಡುಗನಿಗೂ ಅದೇ ನೋವು ಆಗುತ್ತದೆ. ಆದರೆ ಅವನ ದೂರನ್ನು ಕೇಳಲು ಅಂಪೈರ್ ಇಲ್ಲ, ತೋರಿಸಲು ಕ್ಯಾಮೆರಾ ಇಲ್ಲ. ಅಲ್ಲಾಹನು ಮಾತ್ರ ನೋಡುತ್ತಿದ್ದಾನೆ.

ಹ. ಅಬೂದರ್ರ್(ರ) ಒಮ್ಮೆ ಸಿಟ್ಟಿನಲ್ಲಿ ಒಬ್ಬರನ್ನು ಅವರ ತಾಯಿಯ ಕುರಿತು ಹೇಳಿ ಹೀಯಾಳಿಸಿದರು. ಹಾಗೆ ಹೀಯಾಳಿಕೆಗೆ ಗುರಿಯಾದವರು ಹ. ಬಿಲಾಲ್(ರ) ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಆಗ ಪ್ರವಾದಿವರ್ಯರು(ಸ) ಅಬೂದರ್ರ್ ಅವರಲ್ಲಿ ಅಜ್ಞಾನಕಾಲದ ಗುಣ ಇನ್ನೂ ಉಳಿದಿದೆ ಎಂದು ಎಚ್ಚರಿಸಿದರು. ನಮಾಝ್, ಉಪವಾಸಗಳಿಗೆ ಹೆಸರಾದ ಶ್ರೇಷ್ಠ ಸಹಾಬಿಗೇ ಈ ಎಚ್ಚರಿಕೆ ದೊರೆತಿರುವಾಗ ನಮ್ಮ ಸ್ಥಿತಿಯೇನು? ಒಂದು ಜನತೆ ಇನ್ನೊಂದು ಜನತೆಯನ್ನು ಪರಿಹಾಸ್ಯ ಮಾಡಬಾರದು, ಅವರು ಇವರಿಗಿಂತ ಉತ್ತಮರಾಗಿರಬಹುದು ಎಂಬುದು ಸೂರಃ ಅಲ್ ಹುಜುರಾತ್‌ನ ಬೋಧನೆ. ದೇಶದ ಕಾನೂನೂ ಸುಮ್ಮನಿಲ್ಲ. ಪರಿಶಿಷ್ಟ ಪಂಗಡದವರನ್ನು ಸಾರ್ವಜನಿಕರೆದುರು ಉದ್ದೇಶಪೂರ್ವಕವಾಗಿ ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆದರೆ ನಮ್ಮ ಮಕ್ಕಳು ಪೊಲೀಸರ ಭಯದಿಂದ ನಾಲಿಗೆ ಬಿಗಿಹಿಡಿಯುವುದಕ್ಕಿಂತ ಅಲ್ಲಾಹನ ಭಯದಿಂದ ಬಿಗಿಹಿಡಿಯಲಿ.

ಪ್ರವಾದಿಯವರ(ಸ) ಅದ್ಬಾ ಎಂಬ ಒಂಟೆಯನ್ನು ಯಾವ ಒಂಟೆಯೂ ಹಿಂದಿಕ್ಕಿರಲಿಲ್ಲ. ಒಂದು ದಿನ ಮರುಭೂಮಿಯ ಸಾಮಾನ್ಯ ಬದೂವಿಯೊಬ್ಬ ಎಳೆಯ ಒಂಟೆಯ ಮೇಲೆ ಬಂದು ಅದನ್ನು ಸೋಲಿಸಿದ. ಸಹಾಬಿಗಳಿಗೆ ಬೇಸರವಾಯಿತು. ಲೋಕದಲ್ಲಿ ಮೇಲೇರಿದ ಯಾವುದನ್ನೂ ಅಲ್ಲಾಹನು ಕೆಳಗಿಳಿಸದೆ ಬಿಡುವುದಿಲ್ಲ ಎಂದು ಪ್ರವಾದಿವರ್ಯರು(ಸ) ಅವರನ್ನು ಸಮಾಧಾನಪಡಿಸಿದರು. ಬದೂವಿಯ ಕುಲವನ್ನು ಯಾರೂ ಎತ್ತಿ ಆಡಲಿಲ್ಲ, ಅವನ ಗೆಲುವು ಅವನದಾಗಿಯೇ ಉಳಿಯಿತು.

ಮುಂದಿನ ಬಾರಿ ಹಾಡಿಯ ಹುಡುಗನೊಬ್ಬ ನಮ್ಮ ಮಗನನ್ನು ಹಿಂದಿಕ್ಕಿ ಓಡಿದಾಗ, ಗೆರೆಯಾಚೆ ನಿಂತ ನಾವು ಅವನ ಹೆಸರನ್ನು ತಿಳಿದುಕೊಳ್ಳೋಣ, ಆ ಹೆಸರು ಹಿಡಿದು ಕೂಗಿ ಶಹಬ್ಬಾಸ್ ಎನ್ನೋಣ. ನಮ್ಮ ಮಗ ಅದನ್ನು ಕೇಳಿಸಿಕೊಳ್ಳಲಿ. ನಾಲಿಗೆಯ ಕೆಡುಕಿನಿಂದ ಅಲ್ಲಾಹನು ನಮ್ಮನ್ನೂ ನಮ್ಮ ಮಕ್ಕಳನ್ನೂ ಕಾಪಾಡಲಿ. ಆಮೀನ್.